ಎಣ್ಣೆ ಬೋಲ್ಟಿಗೆ ಹೊಗೆಸೊಪ್ಪಿನ ದಾರ

ಸ್ಕ್ರೂ ಎಂದರೇನು ಎಂಬುದು ನನಗೆ ಚೆನ್ನಾಗಿ ಗೊತ್ತು. ಹುಣಸೂರಿನ ಹತ್ತಿರದ ಶಾಲೆಯೊಂದರಲ್ಲಿ ಹದಿನೆಂಟು ವರ್ಷಗಳಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಸರಳ ಯಂತ್ರಗಳ ಪಾಠ ಬಂದಾಗಲೆಲ್ಲ ಕಪ್ಪು ಹಲಗೆಯ ಮೇಲೆ ದೊಡ್ಡದೊಂದು ಸ್ಕ್ರೂ ಬರೆದು, ಅದರ ಮೈಮೇಲೆ ಸುತ್ತಿಕೊಂಡು ಹೋಗುವ ಗೆರೆಯನ್ನು ಬಣ್ಣದ ಸೀಮೆಸುಣ್ಣದಲ್ಲಿ ತೋರಿಸಿ, ಸರಿ ಉತ್ತರ ಬರೆದವರಿಗೆ ಐದಕ್ಕೆ ಐದು ಅಂಕ ಕೊಟ್ಟವನು ನಾನು. ಈ ಹದಿನೆಂಟು ವರ್ಷಗಳಲ್ಲಿ ಒಂದೇ ಒಂದು ಸ್ಕ್ರೂವನ್ನೂ ಕೈಯಾರೆ ಬಿಚ್ಚಿರಲಿಲ್ಲ ಎಂಬುದು ಪಠ್ಯಕ್ರಮದ ದೋಷವೇ ಹೊರತು ನನ್ನದಲ್ಲ.

ಇಷ್ಟು ಜ್ಞಾನದ ಬಲದ ಮೇಲೆ ನಾನು ನಮ್ಮ ಮಾವನವರ ಬೈಕಿನ ಎಂಜಿನ್ ಆಯಿಲ್ ಬದಲಿಸಲು ಹೊರಟೆ.

ಮಾವ ಚಿಕ್ಕೇಗೌಡರು ಕಂಪಲಾಪುರದ ಹತ್ತಿರದ ಹಳ್ಳಿಯವರು, ಹೊಗೆಸೊಪ್ಪಿನ ಬೆಳೆಗಾರರು. ಹಸಿ ಎಲೆಯನ್ನು ಕಡ್ಡಿಗೆ ದಾರದಿಂದ ಕಟ್ಟಿ, ಬ್ಯಾರನ್ ಎಂಬ ಕಿಟಕಿಯಿಲ್ಲದ ಮನೆಯೊಳಗೆ ನೇತುಹಾಕಿ, ಕೆಳಗಿನಿಂದ ಬಿಸಿ ಕೊಟ್ಟು ಹದ ಮಾಡುವ ಕೆಲಸ. ನಲವತ್ತು ವರ್ಷ ಆ ಮನೆಯ ಮುಂದೆ ಕೂತು ಕೂತು, ಒಳಗೆ ಎಲೆ ಎಷ್ಟು ಬೆಂದಿದೆ ಎಂಬುದನ್ನು ಬಾಗಿಲು ತೆರೆಯದೆ ಮೂಗಿನಿಂದಲೇ ಹೇಳುತ್ತಾರೆ. ಮಾತು ಕಡಿಮೆ. ಮೀಸೆ ದಪ್ಪ. ಮದುವೆಯಾಗಿ ಹನ್ನೆರಡು ವರ್ಷವಾಗಿದ್ದರೂ ಅವರು ಒಂದು ದಿನವೂ ನನ್ನನ್ನು ಬೈದಿರಲಿಲ್ಲ, ಅದಕ್ಕೇ ನನಗೆ ಅವರನ್ನು ಕಂಡರೆ ಭಯ.

ಬೈಯದಿರುವುದಕ್ಕೆ ಕಾರಣವಿದೆ. ನಮ್ಮ ಕಡೆ ಮಾವನಾದವರು ಅಳಿಯನನ್ನು ಬೈಯುವಂತಿಲ್ಲ. ಅಳಿಯ ಎಂದರೆ ಮರ್ಯಾದೆಯ ಮನುಷ್ಯ. ಹಾಗಾಗಿ ತಪ್ಪು ಅಳಿಯನದ್ದಾದರೂ ಬೈಗುಳ ಮಗಳ ಹೆಸರಿಗೆ ಹೋಗುತ್ತದೆ. ಒಮ್ಮೆ ನಾನೊಬ್ಬನೇ ಅವರ ಮನೆಗೆ ಹೋಗಿದ್ದಾಗ ಕೊಟ್ಟಿಗೆಯ ಬಾಗಿಲು ಹಾಕುವುದನ್ನು ಮರೆತೆ. ಎಮ್ಮೆ ಹೊರಗೆ ಹೋಗಿ ಪಕ್ಕದವರ ಜೋಳ ಮೇಯಿತು. ಮಾವ ನನ್ನ ಎದುರಿಗೇ ನಿಂತು ಫೋನ್ ತೆಗೆದು, ಹುಣಸೂರಿನಲ್ಲಿ ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿ ಸವಿತಳಿಗೆ ಬಾಗಿಲು ಹಾಕುವ ಮಹತ್ವವನ್ನು ಹತ್ತು ನಿಮಿಷ ವಿವರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಕಾಫಿ ಕುಡಿಯುತ್ತೀರಾ ಎಂದು ಕೇಳಿದರು.

ಹೋದ ವರ್ಷದ ಕೊನೆಯಲ್ಲಿ ಅವರಿಗೆ ಮೈಸೂರಿನಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಒಂದು ತಿಂಗಳು ಬೈಕ್ ಮುಟ್ಟಬಾರದೆಂದು ಡಾಕ್ಟರು ಹೇಳಿದರು. ಮನೆಯ ಮುಂದೆ ಇದ್ದರೆ ಮುಟ್ಟದೆ ಇರಲಾರೆ ಎಂದು ಬೈಕನ್ನು ನಮ್ಮ ಮನೆಗೆ ಕಳಿಸಿದರು. ಹಳೆಯ ಗಾಡಿ, ಆದರೂ ಬೆಳಗ್ಗೆ ಎದ್ದು ದೇವರ ಫೋಟೋ ಒರೆಸುವ ಮೊದಲು ಅದನ್ನು ಒರೆಸುವವರು ಅವರು.

"ದಿನಾ ಒಂದ್ಸಲ ಸ್ಟಾರ್ಟ್ ಮಾಡಿ, ಐದ್ ನಿಮ್ಸ ಬುಡಿ, ಆಫ್ ಮಾಡಿ ಅಳಿಯಂದ್ರೇ. ಇನ್ನೇನೂ ಮಾಡ್ಬ್ಯಾಡಿ," ಎಂದು ಹೇಳಿದರು.

ಅಷ್ಟಕ್ಕೇ ಬಿಡಲಿಲ್ಲ. ಪ್ರತಿ ಬೆಳಗ್ಗೆ ಏಳಕ್ಕೆ ಸರಿಯಾಗಿ ಫೋನ್ ಮಾಡುತ್ತಿದ್ದರು. ನಾನು ಗಾಡಿ ಸ್ಟಾರ್ಟ್ ಮಾಡಿ, ಫೋನನ್ನು ಎಂಜಿನ್ನಿನ ಹತ್ತಿರ ಹಿಡಿದು ಕುಕ್ಕರುಗಾಲಲ್ಲಿ ಕೂರಬೇಕು. ಆ ಕಡೆಯಿಂದ ಅವರು ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೇಳಿಸಿಕೊಂಡು, ಹ್ಞೂಂ ಎಂದು ಇಡುತ್ತಿದ್ದರು.

ಹೀಗೆ ಎಂಟು ದಿನ ಕಳೆದ ಮೇಲೆ ನನಗೊಂದು ಸದ್ಬುದ್ಧಿ ಹುಟ್ಟಿತು. ಆಯಿಲ್ ಬದಲಿಸಿಟ್ಟರೆ ಮಾವ ಎಷ್ಟು ಸಂತೋಷಪಡಬಹುದು! ಅಳಿಯಂದಿರು ಬರೀ ಪುಸ್ತಕದ ಮೇಷ್ಟ್ರಲ್ಲ ಎಂದು ನಾಲ್ಕು ಜನರ ಮುಂದೆ ಹೇಳಬಹುದು. ಫೋನಿನಲ್ಲಿ ನಾಲ್ಕು ನಿಮಿಷದ ವಿಡಿಯೋ ಒಂದಿತ್ತು. ಎರಡು ನಿಮಿಷ ನೋಡಿದೆ, ಉಳಿದದ್ದು ನನಗೇ ಗೊತ್ತಿದೆ ಅನ್ನಿಸಿತು.

ಭಾನುವಾರ ಸವಿತ ಸಂತೆಗೆ ಹೋದ ಸಮಯ ನೋಡಿ ಕಾರ್ಯಾರಂಭ ಮಾಡಿದೆ. ಎಂಜಿನ್ನಿನ ಹೊಟ್ಟೆಯ ಅಡಿಯಲ್ಲಿ, ನೆಲದ ಕಡೆ ಮುಖ ಮಾಡಿಕೊಂಡು ಒಂದು ಬೋಲ್ಟ್ ಇರುತ್ತದೆ. ಅದನ್ನು ಬಿಚ್ಚಿದರೆ ಹಳೆಯ ಎಣ್ಣೆ ಸುರಿದುಹೋಗುತ್ತದೆ. ಬಿಚ್ಚಲು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು. ನಾನು ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಮೇಲಿನಿಂದ ಬಗ್ಗಿ ನೋಡುತ್ತ, ಸ್ಪ್ಯಾನರನ್ನು ಕೆಳಗೆ ತೂರಿಸಿ ಗಡಿಯಾರಕ್ಕೆ ವಿರುದ್ಧವಾಗಿಯೇ ತಿರುಗಿಸಿದೆ. ಗಡಿಯಾರವನ್ನು ಬೆನ್ನಿನ ಕಡೆಯಿಂದ ನೋಡಿದರೆ ಮುಳ್ಳು ಯಾವ ಕಡೆ ತಿರುಗುತ್ತದೆ ಎಂಬ ಪ್ರಶ್ನೆ ನಮ್ಮ ಪಠ್ಯದಲ್ಲಿಲ್ಲ. ನಾನು ಬೋಲ್ಟನ್ನು ಬಿಚ್ಚುತ್ತಿರಲಿಲ್ಲ, ಇನ್ನಷ್ಟು ಬಿಗಿಯುತ್ತಿದ್ದೆ. ಈ ಸತ್ಯ ನನಗೆ ಹೊಳೆದದ್ದು ನಾಲ್ಕು ದಿನಗಳ ನಂತರ, ಸ್ನಾನ ಮಾಡುವಾಗ.

ಬೋಲ್ಟ್ ಜಗ್ಗಲಿಲ್ಲ. ಹಿಡಿಕೆ ಉದ್ದವಾದಷ್ಟೂ ಕಡಿಮೆ ಬಲ ಸಾಕು ಎಂದು ಎಷ್ಟು ಮಕ್ಕಳಿಗೆ ಹೇಳಿಲ್ಲ ನಾನು? ಹಿತ್ತಲಿನಲ್ಲಿದ್ದ ಕಬ್ಬಿಣದ ಪೈಪನ್ನು ಸ್ಪ್ಯಾನರಿನ ಬಾಲಕ್ಕೆ ಸಿಕ್ಕಿಸಿ, ಗೋಡೆಗೆ ಕಾಲು ಕೊಟ್ಟು ಎಳೆದೆ. ಒಳಗೆ ಕರಕ್ ಎಂದಿತು. ಬೋಲ್ಟ್ ಹಗುರವಾಗಿ ತಿರುಗತೊಡಗಿತು. ವಿಜ್ಞಾನ ಗೆದ್ದಿತು!

ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಹೊರಗೆ ಮಾತ್ರ ಬರಲಿಲ್ಲ. ಕೊನೆಗೆ ಸಂದಿಗೆ ಸ್ಕ್ರೂಡ್ರೈವರ್ ಕೊಟ್ಟು ಮೀಟಿದಾಗ ಪಟ್ಟನೆ ಕಳಚಿ ಬಿದ್ದು, ಕರಿ ಎಣ್ಣೆಯೆಲ್ಲ ಸವಿತಳ ಇಡ್ಲಿ ಹಿಟ್ಟಿನ ಬೇಸಿನ್ನಿಗೆ ಸುರಿಯಿತು. ಬೋಲ್ಟಿನ ಮೈಗೆ ಬೆಳ್ಳಿ ಬಣ್ಣದ ಸಣ್ಣ ಸುರುಳಿಯೊಂದು ಸುತ್ತಿಕೊಂಡಿತ್ತು. ಸ್ಪ್ರಿಂಗ್ ಇರಬೇಕೆಂದು ಜೋಪಾನವಾಗಿ ಬಿಡಿಸಿ ಬೆಂಕಿಪೊಟ್ಟಣದಲ್ಲಿಟ್ಟೆ. ಬೋಲ್ಟನ್ನು ವಾಪಸ್ ಇಟ್ಟು ತಿರುಗಿಸಿದರೆ ಹಿಡಿಯಲೇ ಇಲ್ಲ, ಕೈ ಬಿಟ್ಟರೆ ಬೀಳುತ್ತಿತ್ತು. ಆಗ ಆ ಸ್ಪ್ರಿಂಗನ್ನು ಮತ್ತೆ ತೆಗೆದು ನೋಡಿದೆ. ಅದು ಸ್ಪ್ರಿಂಗ್ ಅಲ್ಲ. ಬೋಲ್ಟನ್ನು ಹಿಡಿದುಕೊಳ್ಳಲು ಎಂಜಿನ್ನಿನ ತೂತಿನೊಳಗೆ ಕೊರೆದಿದ್ದ ಗೆರೆ, ಬುಡಸಮೇತ ಕಿತ್ತು ಬಂದಿತ್ತು. ನಾನು ಬಣ್ಣದ ಸೀಮೆಸುಣ್ಣದಲ್ಲಿ ತೋರಿಸುತ್ತಿದ್ದೆನಲ್ಲ, ಅದೇ.

ಹುಣಸೂರಿನ ಯಾವ ಮೆಕ್ಯಾನಿಕ್ಕಿನ ಬಳಿ ಹೋದರೂ ಗಾಡಿ ನೋಡಿದ ಕೂಡಲೇ, ಇದು ಚಿಕ್ಕೇಗೌಡ್ರುದಲ್ವಾ ಎಂದು ಕೇಳಿ, ನಾನು ಮನೆ ಸೇರುವ ಮೊದಲೇ ಅವರಿಗೆ ಫೋನ್ ಮಾಡಿರುತ್ತಾನೆ. ಸವಿತಳಿಗೆ ಹೇಳಿದರೆ ಅಪ್ಪನಿಗೆ ಹೇಳು ಎನ್ನುತ್ತಾಳೆ. ಬೇಸಿನ್ನನ್ನು ಮೂರು ಸಲ ತಿಕ್ಕಿ ತೊಳೆದು, ನೆಲಕ್ಕೆ ಮಣ್ಣು ಎರಚಿ ಮುಗಿಸಿದೆ. ಆ ವಾರದ ಇಡ್ಲಿಗೆ ಒಂಥರಾ ವಾಸನೆ ಇದೆ ಎಂದು ಅವಳು ಹೇಳಿದಾಗ, ಉದ್ದಿನಬೇಳೆ ಸರಿಯಿಲ್ಲವೆಂದು ನಾನೇ ಅಂಗಡಿಯವನನ್ನು ಬೈದೆ.

ಮರುದಿನ ಬೆಳಗ್ಗೆ ಏಳು ಗಂಟೆಯ ಫೋನು. ಎಣ್ಣೆಯಿಲ್ಲದೆ ಎಂಜಿನ್ ಸ್ಟಾರ್ಟ್ ಮಾಡಿದರೆ ಒಳಗೆಲ್ಲ ಉಜ್ಜಿ ಕಚ್ಚಿಕೊಳ್ಳುತ್ತದೆ, ಅಷ್ಟು ವಿಜ್ಞಾನ ನನ್ನಲ್ಲಿ ಉಳಿದಿತ್ತು. ಫೋನ್ ಹಿಡಿದು ಎದುರುಮನೆಯ ನಾಗರಾಜುವಿನ ಅಂಗಳಕ್ಕೆ ಓಡಿದೆ. ಅವನದೂ ಅದೇ ಕಂಪನಿಯ ಅಂಥದ್ದೇ ಗಾಡಿ. ಲುಂಗಿಯಲ್ಲಿ ಹಲ್ಲುಜ್ಜುತ್ತ ನಿಂತಿದ್ದವನಿಗೆ ಕೈಮುಗಿದು, ಸ್ಟಾರ್ಟ್ ಮಾಡು ಎಂದು ಸನ್ನೆ ಮಾಡಿದೆ. ಅವನು ಬಾಯಿತುಂಬ ನೊರೆ ಇಟ್ಟುಕೊಂಡು ಕಿಕ್ ಹೊಡೆದ. ನಾನು ಫೋನ್ ಹಿಡಿದು ಕೂತೆ.

"ಯಾಕೋ ನೆಗಡಿ ಆದಂಗದೆ," ಎಂದರು ಮಾವ.

ಚಳಿಗಾಲ ಎಂದು ಉತ್ತರ ಕೊಟ್ಟೆ. ಮೂರು ದಿನ ಹೀಗೆ ನಾಗರಾಜುವಿನ ಗಾಡಿಯ ಸದ್ದನ್ನು ಕೇಳಿಸಿದೆ. ನಾಲ್ಕನೆಯ ದಿನ ಅವನು, ಸಾರ್ ನೀವು ಹುಷಾರಾಗಿದ್ದೀರಾ ಎಂದು ಕೇಳಿದ. ಇನ್ನು ತಡ ಮಾಡುವಂತಿರಲಿಲ್ಲ.

ನಲ್ಲಿ ಕೂರಿಸುವವರು ತಿರುಪಿಗೆ ನಾರು ಸುತ್ತುವುದನ್ನು ನೋಡಿದ್ದೆ. ನಮ್ಮ ಮನೆಯಲ್ಲಿ ದಾರಕ್ಕೆ ಬರವಿಲ್ಲ. ಹೊಗೆಸೊಪ್ಪು ಕಟ್ಟುವ ದಾರದ ಉಂಡೆಗಳನ್ನು ಮಾವನವರು ವರ್ಷಕ್ಕೊಮ್ಮೆ ಕಳಿಸುತ್ತಾರೆ. ಕಿಟಕಿಯ ಪರದೆ, ಗೇಟಿನ ಚಿಲಕ, ಮಗಳ ಶಾಲೆಯ ಚೀಲದ ಪಟ್ಟಿ ಎಲ್ಲವೂ ನಮ್ಮಲ್ಲಿ ಅದರ ಮೇಲೆಯೇ ನಿಂತಿವೆ. ಬೋಲ್ಟೂ ನಿಲ್ಲಲಿ ಎಂದು ಮೈತುಂಬ ದಾರ ಸುತ್ತಿ, ತೂತಿಗೆ ಒತ್ತಿ ಕೂರಿಸಿ, ಸುತ್ತಲೂ ಪೈಪಿನ ಸೋರಿಕೆಗೆ ಹಚ್ಚುವ ಅಂಟಿನ ಮುದ್ದೆ ಮೆತ್ತಿದೆ. ಹೊಸ ಎಣ್ಣೆ ಹಾಕಿ, ಕೆಳಗೆ ಪೇಪರ್ ಹಾಸಿ, ಕುರ್ಚಿ ಹಾಕಿಕೊಂಡು ಕಾದೆ. ಎರಡು ಗಂಟೆ ಒಂದು ಹನಿಯೂ ಬೀಳಲಿಲ್ಲ. ಮೂರನೆಯ ಗಂಟೆಗೆ ಒಂದು ಹನಿ ಬಿತ್ತು. ಇನ್ನಷ್ಟು ಮುದ್ದೆ ಮೆತ್ತಿದೆ. ಮರುದಿನ ಬೆಳಗ್ಗೆ ಸದ್ದು ಕೇಳಿದ ಮಾವ, ಈಗ ಸರಿಹೋಯ್ತು ಎಂದರು.

ಸರಿಹೋಗಿರಲಿಲ್ಲ. ನಿಂತ ಗಾಡಿ ಬೇರೆ, ಓಡುವ ಗಾಡಿ ಬೇರೆ. ಎಂಜಿನ್ ಕಾಯುತ್ತದೆ, ಎಣ್ಣೆ ನೀರಾಗುತ್ತದೆ, ಗಾಡಿ ಅದುರುತ್ತದೆ. ಬೋಲ್ಟ್ ಕಳಚಿಕೊಂಡರೆ ಎಣ್ಣೆಯೆಲ್ಲ ನೇರವಾಗಿ ಹಿಂದಿನ ಚಕ್ರದ ಕೆಳಗೆ ಬೀಳುತ್ತದೆ, ಚಕ್ರ ಜಾರುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಡಾಕ್ಟರು ಹೇಳಿದ ತಿಂಗಳು ಮುಗಿಯಲು ಇನ್ನೂ ಎರಡು ವಾರ ಇದೆಯಲ್ಲ, ಅಷ್ಟರಲ್ಲಿ ಹೇಳಿದರಾಯಿತು ಎಂದು ಮುಂದೂಡುತ್ತಿದ್ದೆ. ಫೋನಿನಲ್ಲಿ ಮೂರು ಸಲ ಮಾವಾ ಎಂದು ಶುರುಮಾಡಿ, ಮೂರು ಸಲವೂ ಊಟ ಆಯ್ತಾ ಎಂದು ಮುಗಿಸಿದೆ.

ಅವರು ತಿಂಗಳು ಕಾಯಲಿಲ್ಲ. ಹೊಗೆಸೊಪ್ಪಿನ ಹರಾಜಿಗೆ ಬೇಲ್ ಮೂಟೆಗಳನ್ನು ಸಾಗಿಸಬೇಕು, ಓಡಾಡಲು ಗಾಡಿ ಬೇಕೆಂದು ಡಾಕ್ಟರನ್ನು ಒಪ್ಪಿಸಿ, ಮುಂದಿನ ಭಾನುವಾರವೇ ಅತ್ತೆಯವರ ಜೊತೆ ಬಸ್ಸಿಳಿದು ಬಂದುಬಿಟ್ಟರು. ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕ. ಊಟಕ್ಕೆ ಕೂತಾಗ ಅದರ ಹಿಂದೆ ಅವರು ತಟ್ಟೆಯ ರಾಗಿಮುದ್ದೆ ನೋಡುತ್ತಿದ್ದಾರೋ, ನನ್ನನ್ನು ನೋಡುತ್ತಿದ್ದಾರೋ, ಕಿಟಕಿಯಾಚೆ ಬೈಕನ್ನು ನೋಡುತ್ತಿದ್ದಾರೋ ತಿಳಿಯದೆ, ನಾನು ಕಿಟಕಿಗೆ ಅಡ್ಡವಾಗಿ ಜರುಗಿ ಕೂತೆ. ಬಿಸಿಲು ಕಣ್ಣಿಗೆ ಒಳ್ಳೆಯದಲ್ಲ ಎಂದೆ. ಪೆಟ್ರೋಲ್ ಕಡಿಮೆ ಇದೆ ಎಂದೆ. ನಾಳೆ ನಾನೇ ತಂದುಕೊಡುತ್ತೇನೆ ಎಂದೆ. ಎಲ್ಲಕ್ಕೂ ಅವರು, ಪರ್ವಾಗಿಲ್ಲ ಅಳಿಯಂದ್ರೇ ಎಂದರು.

ಅತ್ತೆಯವರು ಹಿಂದೆ ಒಂದು ಕಡೆಗೆ ಕಾಲು ಇಳಿಬಿಟ್ಟು ಕೂತರು. ಸವಿತ ಕೊಟ್ಟ ಅವರೆಕಾಯಿಯ ಚೀಲ ಮಡಿಲಲ್ಲಿತ್ತು. ಒಂದು ಕೈ ಚೀಲದ ಮೇಲೆ, ಇನ್ನೊಂದು ಕೈ ಮಾವನವರ ಭುಜದ ಮೇಲೆ. ಬತ್ತೀವಿ ಕಣಪ್ಪ, ಚೆನ್ನಾಗಿರಿ ಎಂದರು. ಗಾಡಿ ಹೊರಟಿತು. ಬಾಯಿ ತೆರೆದೆ. ನಿಧಾನಕ್ಕೆ ಹೋಗಿ ಎಂದಷ್ಟೇ ಕೂಗಿದೆ. ತಿರುವಿನಲ್ಲಿ ಅವರ ಸೆರಗು ಕಣ್ಮರೆಯಾದಾಗ, ನಾನು ಇಬ್ಬರನ್ನು ಸಾಯಲು ಕಳಿಸಿದ್ದೇನೆ ಎಂದು ಅರಿವಾಯಿತು. ಹೊಸ್ತಿಲ ಮೇಲೆ ಕುಸಿದು ಕೂತೆ. ಬಿಸಿಲಿಗೆ ತಲೆ ತಿರುಗಿತೇ ಎಂದು ಸವಿತ ಕೇಳಿದಳು. ಅವಳಿಗೆ ಎಲ್ಲವನ್ನೂ ಹೇಳಿದೆ, ಇಡ್ಲಿ ಬೇಸಿನ್ನೂ ಸೇರಿದಂತೆ.

ಅವಳು ಕಿರುಚಲಿಲ್ಲ. "ಅಮ್ಮ ಹತ್ತಿ ಕೂತಾಗ್ಲೂ ಸುಮ್ನಿದ್ರಾ?" ಎಂದು ಮಾತ್ರ ಕೇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ತನ್ನ ಸ್ಕೂಟರಿನ ಕೀ ತೆಗೆದುಕೊಂಡಳು. ನಾನು ಹಿಂದೆ ಕೂತೆ. ಮಾವನವರಿಗೆ ಫೋನಿನ ಮೇಲೆ ಫೋನ್ ಮಾಡಿದೆ. ಗಾಡಿ ಓಡಿಸುವಾಗ ಅವರು ಫೋನ್ ಎತ್ತುವುದಿಲ್ಲ, ಅಂಥ ಶಿಸ್ತಿನ ಮನುಷ್ಯ.

ಊರು ದಾಟಿ ಪಿರಿಯಾಪಟ್ಟಣದ ರಸ್ತೆಗೆ ಬಿದ್ದ ಮೇಲೆ ನಾನು ನೆಲ ನೋಡುತ್ತ ಹೋದೆ. ಮೊದಲ ರೋಡ್ ಹಂಪಿನ ಬಳಿ ಒಂದು ಕರಿ ಹನಿ. ಸ್ವಲ್ಪ ದೂರಕ್ಕೆ ಇನ್ನೊಂದು. ಎರಡನೆಯ ಹಂಪು ದಾಟಿದ ಮೇಲೆ ಹನಿಗಳು ಹತ್ತಿರ ಹತ್ತಿರವಾದವು. ನಾನು ಪ್ರತಿ ಹನಿಗೂ ವರದಿ ಕೊಡುತ್ತಿದ್ದೆ. ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ಎಂದು ಸವಿತ ಹೇಳಿದಳು. ಅವಳ ದನಿ ಅಳುವಿಗೆ ಹತ್ತಿರವಿತ್ತು.

ಮುಂದೆ ರಸ್ತೆಯ ಪಕ್ಕ ಜನ ಗುಂಪುಗಟ್ಟಿದ್ದರು. ಸವಿತ ಬ್ರೇಕ್ ಹಾಕಿದಳು. ನಾನು ಇಳಿಯಲಾರದೆ ಕಣ್ಣು ಮುಚ್ಚಿಕೊಂಡು ಮನೆದೇವರಿಗೆ, ಎದುರಾದ ಎಲ್ಲ ದೇವರಿಗೆ, ಕೊನೆಗೆ ನಾಸ್ತಿಕನಾದ ನನ್ನ ಹಳೆಯ ಹೆಡ್‌ಮೇಷ್ಟ್ರಿಗೂ ಹರಕೆ ಹೊತ್ತೆ. ಸವಿತ ಹೋಗಿ ನೋಡಿ ಬಂದಳು. ಶುಂಠಿ ತುಂಬಿದ ಟ್ರ್ಯಾಕ್ಟರಿನ ಸುತ್ತ ನಿಂತು ವ್ಯಾಪಾರ ಕುದುರಿಸುತ್ತಿದ್ದರಂತೆ.

ಕಂಪಲಾಪುರಕ್ಕೆ ಇನ್ನೂ ಸ್ವಲ್ಪ ದೂರ ಇರುವಾಗ ಅವರು ಸಿಕ್ಕರು. ಬಸ್ಸಿನ ತಂಗುದಾಣದ ಕಟ್ಟೆಯ ಮೇಲೆ ಅತ್ತೆ ಕೂತು, ಸಮಯ ಹಾಳು ಮಾಡುವುದೇಕೆಂದು ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಬೈಕು, ಅದರ ಕೆಳಗೆ ಕರಿ ಕೊಚ್ಚೆ. ಮಾವ ನಿಂತಿದ್ದರು. ಎಣ್ಣೆ ಸುಡುವ ವಾಸನೆ ಬಂದ ಕೂಡಲೇ ಅವರ ಮೂಗು ಹೇಳಿಬಿಟ್ಟಿತ್ತು. ನಿಧಾನ ಮಾಡಿ, ನಿಲ್ಲಿಸಿ, ಬಗ್ಗಿ ಬೋಲ್ಟ್ ಮುಟ್ಟಿದ್ದಾರೆ, ಅದು ಕೈಗೇ ಬಂದಿದೆ. ಈಗ ಅವರ ಬೆರಳಿನಿಂದ ಒಂದು ಮೊಳ ದಾರ ಎಣ್ಣೆ ತೊಟ್ಟಿಕ್ಕುತ್ತ ಜೋತುಬಿದ್ದಿತ್ತು.

"ಇದು ನಮ್ಮ ಬ್ಯಾರನ್ ದಾರ ಕಣವ್ವ," ಎಂದು ಮಗಳಿಗೆ ಹೇಳಿದರು.

ಸವಿತ ನನ್ನ ಕಡೆ ತಿರುಗಿದಳು. ನಾನು ಮೂರಡಿ ದೂರದಲ್ಲಿ ನಿಂತು, ಹೌದಂತೆ ಎಂದು ಹೇಳು ಎಂದೆ. ಹೌದಂತೆ ಎಂದಳು. ಬೋಲ್ಟಿಗೆ ದಾರ ಯಾಕೆ ಸುತ್ತಿದರೆಂದು ಕೇಳು ಎಂದು ಮಾವ ಮಗಳಿಗೆ ಹೇಳಿದರು. ನಾನು ಸವಿತಳಿಗೆ ಗಡಿಯಾರದ ಮುಳ್ಳು, ಕಬ್ಬಿಣದ ಪೈಪು, ಕಿತ್ತು ಬಂದ ಸುರುಳಿ, ನಾಗರಾಜುವಿನ ಗಾಡಿ ಎಲ್ಲವನ್ನೂ ವಿವರಿಸಿದೆ. ಅವಳು ಆಗಲೇ ಕೇಳಿದ್ದನ್ನು ಮತ್ತೆ ಕೇಳಿಸಿಕೊಂಡಳು. ಮಾವ ದಾರವನ್ನು ಬೆರಳಿಗೆ ಸುತ್ತುತ್ತ ನಿಂತಿದ್ದರು.

ಆಮೇಲೆ ಕಪ್ಪು ಕನ್ನಡಕ ತೆಗೆದರು. ಆಪರೇಷನ್ ಆದ ಕಣ್ಣು ಇನ್ನೂ ಕೆಂಪಗಿತ್ತು, ನೀರು ಸೋರುತ್ತಿತ್ತು. ನೇರವಾಗಿ ನನ್ನನ್ನೇ ನೋಡಿದರು.

"ಗಾಡಿ ಓದ್ರೆ ಓಯ್ತದೆ, ಬುಡು. ಇವ್ಳು ಇಂದ್ಗಡೆ ಕೂತಿದ್ಲು ಕಣ್ಲಾ. ಯಾಕ್ಲಾ ಯೇಳ್ಲಿಲ್ಲ?"

ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವರು ನನ್ನನ್ನು ಬೈದರು. ಬಾಣಲೆಗೆ ಬಿದ್ದವನಂತೆ ಚಡಪಡಿಸುತ್ತೇನೆಂದು ಇಷ್ಟು ದಿನ ಹೆದರಿದ್ದೆ. ಹಾಗೆ ಆಗಲಿಲ್ಲ. ನಾಚಿಕೆಯಾಯಿತು, ಕಣ್ಣಲ್ಲಿ ನೀರು ಬಂತು. ಭಯ ಆಯ್ತು ಮಾವ ಎಂದೆ. ಕಟ್ಟೆಯ ಮೇಲಿಂದ ಅತ್ತೆಯವರು ತಲೆಯೆತ್ತದೆ, "ಇವ್ರ ಕಂಡ್ರೆ ನಂಗೂ ಭಯವೇ ಕಣಪ್ಪ. ಆದ್ರೂ ಯೇಳ್ಬೇಕು," ಎಂದು ಇನ್ನೊಂದು ಕಾಯಿ ಸುಲಿದರು.

ಕಂಪಲಾಪುರದಿಂದ ಮೆಕ್ಯಾನಿಕ್ ಒಬ್ಬ ಸಾಮಾನಿನ ಚೀಲದೊಂದಿಗೆ ಬಂದ. ಬಗ್ಗಿ ನೋಡಿ, ಥ್ರೆಡ್ ಹೋಗಿದೆ ಎಂದ. ತೂತನ್ನು ಒಂದು ಅಳತೆ ದೊಡ್ಡದು ಮಾಡಿ, ಒಳಗೆ ಹೊಸದಾಗಿ ಗೆರೆ ಕೊರೆದು, ಅದಕ್ಕೆ ತಕ್ಕ ದಪ್ಪ ಬೋಲ್ಟ್ ಹಾಕಿ, ಎಣ್ಣೆ ತುಂಬಿದ. ಅರ್ಧ ಗಂಟೆ ಹಿಡಿಯಿತು. ಅರ್ಧ ಗಂಟೆಯ ಈ ಕೆಲಸಕ್ಕೆ ನಾನು ಒಂದು ವಾರ ನಿದ್ದೆಗೆಟ್ಟಿದ್ದೆ. ಎದ್ದು ಕೈ ಒರೆಸಿಕೊಳ್ಳುತ್ತ ಅವನು, ಇಂಥ ಕೆಲಸ ಮಾಡಿದ ಪುಣ್ಯಾತ್ಮ ಯಾರು ಎಂದು ಕೇಳಿದ. ನಾನು ರಸ್ತೆಯಾಚೆಯ ಮರ ನೋಡತೊಡಗಿದೆ.

"ನಾನೇ ಕಣಪ್ಪ. ಕಣ್ಣು ಮಂಜಾಗಿತ್ತು, ಎತ್ತೆತ್ತಗೋ ತಿರುಗಿಸ್ಬುಟ್ಟೆ," ಎಂದರು ಮಾವ. ಹೊರಗಿನವರ ಮುಂದೆ ಅಳಿಯನ ಮರ್ಯಾದೆ ಹೋಗಬಾರದಲ್ಲ!

ಮೆಕ್ಯಾನಿಕ್ ಅವರಿಗೆ ದೀರ್ಘವಾಗಿ ಬುದ್ಧಿ ಹೇಳಿದ. ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು, ಓದಿರೋ ಅಳಿಯನನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಮಾತು ಕೇಳಬಾರದಿತ್ತೇ ಎಂದ. ಮಾವ ತಲೆ ತಗ್ಗಿಸಿ ಕೇಳಿಸಿಕೊಂಡರು. ಪಕ್ಕದಲ್ಲಿ ನಿಂತಿದ್ದ ನಾನು, ಮೇಷ್ಟರ ಅಭ್ಯಾಸಬಲದಿಂದ, ಅವನ ಪ್ರತಿಯೊಂದು ಮಾತಿಗೂ ಹೌದು ಹೌದು ಎಂದು ತಲೆಯಾಡಿಸುತ್ತಿದ್ದೆ. ಸವಿತ ನನ್ನ ಕಾಲು ತುಳಿದ ಮೇಲೆ ನಿಲ್ಲಿಸಿದೆ.

ಇನ್ನು ಮುಂದೆ ಏನೇ ಹಾಳು ಮಾಡಿದರೂ ಮೊದಲು ಬಾಯಿಬಿಟ್ಟು ಹೇಳಬೇಕು ಎಂದು ಅಂದೇ ನಿರ್ಧಾರ ಮಾಡಿದೆ. ಈಚೆಗೆ ಮಾವನವರ ಇನ್ನೊಂದು ಕಣ್ಣಿಗೂ ಆಪರೇಷನ್ ಆಯಿತು. ಈ ಸಲ ಬೈಕು ನಮ್ಮ ಮನೆಗೆ ಬರಲಿಲ್ಲ, ಖಾಲಿ ಬ್ಯಾರನ್ನಿನೊಳಗೆ ನಿಲ್ಲಿಸಿ ಬೀಗ ಹಾಕಿದ್ದಾರೆ. ಆದರೆ ಅಳಿಯಂದಿರ ಮನಸ್ಸಿಗೆ ನೋವಾಗಬಾರದೆಂದು ನನಗೂ ಒಂದು ಜವಾಬ್ದಾರಿ ಕಳಿಸಿದ್ದರು: ಬೈಕಿಗೆ ಹೊದಿಸುವ ಕವರ್ ಒಗೆದಿಡುವುದು.

ಭಾನುವಾರ ಒಗೆದೆ. ಒಂದು ಮೊಳ ಹರಿಯಿತು. ನಾಳೆ ಬೆಳಗ್ಗೆ ಬಂದು ತೆಗೆದುಕೊಂಡು ಹೋಗುತ್ತಾರಂತೆ. ಅವರಿಗೆ ಇನ್ನೂ ಹೇಳಿಲ್ಲ.